ಹುಟ್ಟು-ಗಳದಿಂದ ಎಂಜಿನ್ನಿಗೆ: ನಮ್ಮ ಹೊಳೆಯ ದೋಣಿ



ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಅಘನಾಶಿನಿ ದಡದವರಾದ ನಾವು ದೋಣಿಯನ್ನು ಮರೆಯುವಂತಿಲ್ಲ. ಸೇತುವೆ, ರಸ್ತೆ ಬರುವ ಮೊದಲು ಭತ್ತ, ತೆಂಗಿನಕಾಯಿ, ಮೀನು ಎಲ್ಲಾ ಹೊಳೆ ದಾಟಿದ್ದು ದೋಣಿಯಲ್ಲೇ.

ಆಗ ಹುಟ್ಟು, ಗಳ, ಹಾಯಿ ಇಷ್ಟೇ ಬಲ. ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು, ಉಪ್ಪುನೀರಿಗೆ ಮರ ಹಾಳಾಗಬಾರದೆಂದು ಗೇರುಸಿಪ್ಪೆ ಎಣ್ಣೆ ಬಳಿಯುತ್ತಿದ್ದರು. ಭರತ ಏರುವಾಗ ಒಳಗೆ, ಇಳಿಯುವಾಗ ಹೊರಗೆ. ನೀರಿಗೆ ಎದುರಾಗಿ ಹೋಗುವ ಹಟ ಯಾರಿಗೂ ಇರಲಿಲ್ಲ.

ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ ಓಲೆ ಎವಿನ್‌ರೂಡ್ ಅವರು 1909ರಲ್ಲಿ ತಯಾರಿಸಿದ, ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ ಲೋಕಪ್ರಸಿದ್ಧವಾಯಿತು. ನಮ್ಮ ದೇಶದಲ್ಲಿ 1952ರ ಇಂಡೋ-ನಾರ್ವೇಜಿಯನ್ ಒಪ್ಪಂದದ ನಂತರ ಕೇರಳದಲ್ಲಿ ಯಾಂತ್ರಿಕ ಬೋಟುಗಳು ಬಂದವು. ಅವುಗಳ ಎಂಜಿನ್ ಒಡಲೊಳಗೆ. ಆಳ ನೀರು ಬೇಕು. ನಾಡದೋಣಿಗಳಿಗೆ ಔಟ್‌ಬೋರ್ಡ್ ವ್ಯಾಪಕವಾಗಿ ಬಂದದ್ದು 1980ರ ದಶಕದಲ್ಲಿ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ಬದಲಿಸುವ ಎಂಜಿನ್ನುಗಳೇ ಹೆಚ್ಚು.

ಎಂಜಿನ್ ಬಂತು, ಹೊಳೆ ಮಾತ್ರ ಹಳೇದೇ. ಮರಳುದಿಬ್ಬ, ಬೆಳಚಿನ ಹಾಸು, ಕಲ್ಲು ಎಲ್ಲಾ ಇದ್ದಲ್ಲೇ. ಹಾಗಾಗಿ ದೋಣಿ ಸಜ್ಜು ಮಾಡುವ ಹೊಸ ಪಾಠ ಕಲಿಯಬೇಕಾಯಿತು. ನೀರು ಕಡಿಮೆ ಇದ್ದಲ್ಲಿ ವೇಗ ತಗ್ಗಿಸಿ ಎಂಜಿನ್ ಮೇಲಕ್ಕೆ ವಾಲಿಸಬೇಕು. ಆದರೆ ತಂಪು ಮಾಡುವ ನೀರು ಎಳೆಯುವ ತೂತು ಮುಳುಗಿಯೇ ಇರಬೇಕು. ಅದಕ್ಕೆ ಮರಳು ಸೇರಿದರೆ ಎಂಜಿನ್ ಕಾದು ಹಾಳಾಗ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಫ್ಯಾನಿಗೆ ಒಂದು ಸಣ್ಣ ಪಿನ್ ಇರ್ತದೆ. ಕಲ್ಲಿಗೆ ಬಡಿದರೆ ಪಿನ್ ಮುರಿದು ಗೇರು ಉಳಿಯುತ್ತದೆ. ಅಂಥಾ ಎರಡು ಪಿನ್, ಒಂದು ಪ್ಲಗ್, ಪಾನಾ ದೋಣಿಯಲ್ಲಿ ಇರಲೇಬೇಕು. ಮನೆಗೆ ಬಂದ ಮೇಲೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯಬೇಕು. ಎಂಜಿನ್ನಿಗೆ ಕಟ್ಟಿದ ಸತುವಿನ ತುಂಡು ತಾನು ಸವೆದು ಉಳಿದ ಲೋಹವನ್ನು ಕಾಯುತ್ತದೆ. ಸವೆದಾಗ ಬದಲಿಸಬೇಕು, ಅದಕ್ಕೆ ಬಣ್ಣ ಬಳಿಯಬಾರದು.

ಇದೆಲ್ಲ ಬರೀ ದುಡ್ಡಿನ ಲೆಕ್ಕವಲ್ಲ. ಅಳಿವೆಬಾಯಲ್ಲಿ ಎಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡ ಬೀಳುತ್ತದೆ, ಮಗುಚುತ್ತದೆ. ಆಗ ಕೈಯಲ್ಲಿ ಹುಟ್ಟು, ಮೈಮೇಲೆ ಲೈಫ್ ಜಾಕೆಟ್, ಲಂಗರಿಗೆ ಹಗ್ಗ ಇದ್ದವನೇ ಮನೆ ಸೇರುವುದು.

2024ರ ಜನವರಿಯಲ್ಲಿ ನಮ್ಮ ಅಳಿವೆ ರಾಮ್ಸಾರ್ ತಾಣವೆಂದು ಪ್ರಕಟವಾಯಿತು. ಎಣ್ಣೆ ನೀರಿಗೆ ಚೆಲ್ಲಿದರೆ ಮೊದಲು ಕೆಡುವುದು ಬೆಳಚು, ಅದರ ಹಿಂದೆ ನಮ್ಮ ಅನ್ನ.

ಎಂಜಿನ್ ಹೊಸದಿರಲಿ, ಭರತ-ಇಳಿತ ನೋಡುವ ಹಿರಿಯರ ಕಣ್ಣು ನಮ್ಮ ಮಕ್ಕಳಿಗೂ ಬರಲಿ.