ಮರದ ತುಂಡಿನಿಂದ ಪಾಸ್‌ವರ್ಡ್‌ವರೆಗೆ

ಲಾಗ್ ಇನ್

‘ಬೆಳಗ್ಗೆಯಿಂದ ಲಾಗಿನ್ನೇ ಆಗ್ತಿಲ್ಲ ರೀ’ ಎಂದು ಗೊಣಗುವಾಗ ಆ ‘ಲಾಗ್’ ಒಂದು ಮರದ ತುಂಡು ಎಂಬುದು ಯಾರಿಗೂ ಹೊಳೆಯಲಿಕ್ಕಿಲ್ಲ. ಹಿಂದಿನ ಇಂಗ್ಲಿಷ್ ನಾವಿಕರು ಹಡಗಿನ ವೇಗ ಅಳೆಯಲು, ಅಲ್ಲಲ್ಲಿ ಗಂಟು ಹಾಕಿದ ಹಗ್ಗದ ತುದಿಗೆ ಹಲಗೆ ಕಟ್ಟಿ ಕಡಲಿಗೆಸೆಯುತ್ತಿದ್ದರು. ಮರಳುಗಡಿಯಾರ ಬರಿದಾಗುವಷ್ಟರಲ್ಲಿ ಎಷ್ಟು ಗಂಟು ಕೈಜಾರಿದವೋ ಅಷ್ಟು ವೇಗ. ಹಡಗಿನ ವೇಗಕ್ಕೆ ಇಂದಿಗೂ ‘ನಾಟ್’, ಅಂದರೆ ಗಂಟು, ಎನ್ನುವುದು ಅದಕ್ಕೇ. ಆ ಲೆಕ್ಕ ಬರೆದಿಟ್ಟದ್ದು ಲಾಗ್‌ಬುಕ್. ಬರೆದಿಡುವ ಕೆಲಸವೂ ಮುಂದೆ ‘ಲಾಗ್’ ಆಯಿತು. 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸತೊಡಗಿದಾಗ, ಒಳಬರಲು ಕೊಡುತ್ತಿದ್ದ ಆಜ್ಞೆ ‘ಲಾಗಿನ್’.

ಜರ್ಮನ್ನರು ಇದನ್ನು ‘ಐನ್‌ಲಾಗನ್’ ಮಾಡಿಕೊಂಡರು. ನಾವು ‘ಆಗು’, ‘ಮಾಡು’ ಅಂಟಿಸಿದೆವು. ‘ಲಾಗಿನ್ ಮಾಡ್ದೆ, ಆಗ್ಲಿಲ್ಲ’ ಎಂಬಲ್ಲಿ ಪ್ರಯತ್ನ ನನ್ನದು, ಫಲ ಯಂತ್ರದ್ದು. ಎರಡೇ ಪುಟ್ಟ ಕ್ರಿಯಾಪದಗಳಲ್ಲಿ ಎಷ್ಟು ಸಲೀಸು! ‘ಪ್ರವೇಶಿಸಿ’ ಎಂಬ ಅನುವಾದ ತಪ್ಪೇನಲ್ಲ, ಆದರೆ ಹೆಸರು ದಾಖಲಿಸುವ ಅರ್ಥ ಅದರಲ್ಲಿ ಉಳಿಯುವುದಿಲ್ಲ. ಬೆಂಗಳೂರಿನ ಐಟಿ ಕಚೇರಿಗಳಲ್ಲಂತೂ ‘ಲಾಗೌಟ್ ಆದ್ರಾ?’ ಎಂದರೆ ಮನೆಗೆ ಹೊರಟಿರಾ ಎಂದೇ.