ಕಟೂಲದ ವೆಲ್‌ಹೌಸೆನ್ ಶಾಲೆ

ಟೆಕ್ಸಸ್ಸಿನಲ್ಲಿ ನಾವಿರುವ ರಿಚರ್ಡ್‌ಸನ್ನಿನಿಂದ ದಕ್ಷಿಣಕ್ಕೆ ಹೊರಟು, ಆಸ್ಟಿನ್, ಸ್ಯಾನ್ ಆಂಟೋನಿಯೋಗಳನ್ನು ದಾಟಿ, ಇಂಟರ್‌ಸ್ಟೇಟ್ 35ರಲ್ಲೇ ಮೆಕ್ಸಿಕೋ ಗಡಿಯ ಕಡೆಗೆ ಸಾಗಿದರೆ ಕಟೂಲ ಎಂಬ ಸಣ್ಣ ಊರು ಸಿಗುತ್ತದೆ. ಸುತ್ತ ಒಣಭೂಮಿ, ಮುಳ್ಳುಗಿಡಗಳ ಕುರುಚಲು, ದನದ ರ‍್ಯಾಂಚುಗಳು. ನಮ್ಮ ಮಕ್ಕಳನ್ನು ರಿಚರ್ಡ್‌ಸನ್ನಿನ ಸರ್ಕಾರಿ ಶಾಲೆಗೆ ಸೇರಿಸುವಾಗ ನಾವು ತುಂಬುವ ಫಾರಂಗಳ ಮೇಲೆ, ಶಾಲೆಯ ಫಲಿತಾಂಶ ನೋಡುವ ಪಟ್ಟಿಗಳ ಮೇಲೆ ಈ ಊರಿನ ಒಂದು ಬಡ ಶಾಲೆಯ ಋಣವಿದೆ. ಅದಕ್ಕಾಗಿಯೇ ಈ ಸಂಚಿಕೆಯಲ್ಲಿ ಅದನ್ನು ನೆನೆಯುತ್ತಿದ್ದೇನೆ.

1928ರಲ್ಲಿ ಕಟೂಲದ ಮಕ್ಕಳಿಗೆ ಎರಡು ಬಗೆಯ ಶಾಲೆಗಳಿದ್ದವು. ಬಿಳಿಯರ ಮಕ್ಕಳದು ಒಂದು ಕಡೆ. ರೈಲು ಹಳಿಯ ಆಚೆ ಬದಿಯ ಮೆಕ್ಸಿಕನ್ ಮೂಲದವರ ಮಕ್ಕಳಿಗೆ ವೆಲ್‌ಹೌಸೆನ್. ಹೊಲಗಳಲ್ಲಿ, ರ‍್ಯಾಂಚುಗಳಲ್ಲಿ ಕೂಲಿ ಮಾಡುವವರ ಮಕ್ಕಳವು. ಮನೆಯಲ್ಲಿ ಆಡುವುದು ಸ್ಪ್ಯಾನಿಷ್, ಪಾಠ ಇಂಗ್ಲಿಷಿನಲ್ಲಿ. ಎಷ್ಟೋ ಮಕ್ಕಳು ಬರಿ ಹೊಟ್ಟೆಯಲ್ಲೇ ಬಂದು ಕೂರುತ್ತಿದ್ದರು. ಶಾಲೆಯಲ್ಲಿ ಊಟದ ವ್ಯವಸ್ಥೆ ಇರಲಿಲ್ಲ, ಬಸ್ಸು ಇರಲಿಲ್ಲ, ಆಡಲು ಒಂದು ಚೆಂಡೂ ಇರಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಂದ ಮೇಷ್ಟ್ರಿಗೆ ಇಪ್ಪತ್ತು ವರ್ಷ. ಸ್ಯಾನ್ ಮಾರ್ಕೋಸಿನ ಶಿಕ್ಷಕರ ಕಾಲೇಜಿನಲ್ಲಿ ಓದುತ್ತಿದ್ದವರು, ಫೀಸಿಗೆ ದುಡ್ಡು ಸಾಲದೆ ಓದು ನಿಲ್ಲಿಸಿ ಕೆಲಸಕ್ಕೆ ಬಂದಿದ್ದರು. ಐದು, ಆರು, ಏಳನೇ ತರಗತಿಗಳ ಪಾಠದ ಜೊತೆಗೆ ಹೆಡ್‌ಮಾಸ್ಟರಿಕೆಯೂ ಅವರ ಹೆಗಲಿಗೇ ಬಿತ್ತು. ಅವರೇ ಲಿಂಡನ್ ಜಾನ್ಸನ್, ಮುಂದೆ ಅಮೆರಿಕದ 36ನೇ ಅಧ್ಯಕ್ಷರಾದವರು.

ಮೊದಲ ತಿಂಗಳ ಸಂಬಳವನ್ನು ಅವರು ಮಕ್ಕಳ ಆಟದ ಸಾಮಾನಿಗೆ ಹಾಕಿದರು. ಚರ್ಚಾಸ್ಪರ್ಧೆ, ಸ್ಪೆಲ್ಲಿಂಗ್ ಸ್ಪರ್ಧೆ, ಓಟ, ಚೆಂಡಾಟ ಎಲ್ಲವನ್ನೂ ಶುರು ಮಾಡಿದರು. ಬಿಡುವಿನ ಹೊತ್ತಿನಲ್ಲಿ ಉಳಿದ ಶಿಕ್ಷಕಿಯರೂ ಮಕ್ಕಳ ಜೊತೆ ಮೈದಾನದಲ್ಲಿರಬೇಕು ಎಂದು ಪಟ್ಟು ಹಿಡಿದರು. ಈ ಮಕ್ಕಳಿಂದ ಏನಾದೀತು ಎಂದು ಊರಿಗೆ ಊರೇ ಕೈಬಿಟ್ಟಿದ್ದಾಗ, ಇವರಿಂದ ಎಲ್ಲವೂ ಆದೀತು ಎಂದು ಒಬ್ಬರು ನಡೆದುಕೊಂಡರು. ಈ ಶಾಲೆಯ ಚರಿತ್ರೆಯಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಇಲ್ಲಿಯೇ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಶಾಲೆಯ ಆವರಣದಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳನ್ನು ಅವರು ದಂಡಿಸುತ್ತಿದ್ದರು. ಟೆಕ್ಸಸ್ಸಿನ 1918ರ ಕಾನೂನು ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವುದನ್ನು ಅಪರಾಧವೆಂದೇ ಸಾರಿತ್ತು; ಇಂಗ್ಲಿಷ್ ಬಾರದೆ ಈ ಮಕ್ಕಳಿಗೆ ಬದುಕಿಲ್ಲ ಎಂದು ಅವರೂ ಮನಸಾರೆ ನಂಬಿದ್ದರು. ಅಕ್ಕರೆ ನಿಜ. ಆದರೆ ಮನೆಮಾತು ಬಾಯಿಗೆ ಬಂದದ್ದಕ್ಕೆ ಏಟು ತಿಂದ ಮಗುವಿನ ನೋವು ಅದರಿಂದ ಕಡಿಮೆಯಾಗುವುದಿಲ್ಲ.

1929ರಲ್ಲಿ ಅವರು ಕಟೂಲ ಬಿಟ್ಟರು. ಆ ಮಕ್ಕಳ ಮುಖಗಳು ಮಾತ್ರ ಅವರನ್ನು ಬಿಡಲಿಲ್ಲ. 1965ರ ಮಾರ್ಚ್ 15ರಂದು ಮತದಾನದ ಹಕ್ಕಿಗಾಗಿ ಅಮೆರಿಕದ ಸಂಸತ್ತಿನ ಮುಂದೆ ಮಾತಾಡುವಾಗ, ಹಸಿದು ಶಾಲೆಗೆ ಬರುತ್ತಿದ್ದ ಆ ಮಕ್ಕಳನ್ನು ನೆನೆದರು. ಮುಂದಿನ ತಿಂಗಳು, ಏಪ್ರಿಲ್ 11ರಂದು, ಆಸ್ಟಿನ್ನಿನ ಪಶ್ಚಿಮಕ್ಕೆ ಸ್ಟೋನ್‌ವಾಲ್ ಬಳಿ ತಾವು ಅಕ್ಷರ ಕಲಿತ ಏಕಕೋಣೆಯ ಜಂಕ್ಷನ್ ಶಾಲೆಯೆದುರು, ತಮ್ಮ ಮೊದಲ ಟೀಚರ್ ಕೇಟ್ ಡೆಡ್ರಿಕ್ ಲೋನಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ಅದರ ಮೊದಲ ಭಾಗವೇ ‘ಟೈಟಲ್ ಒನ್’: ಬಡ ಮಕ್ಕಳು ಹೆಚ್ಚಿರುವ ಶಾಲೆಗೆ ಕೇಂದ್ರದ ಹೆಚ್ಚುವರಿ ಹಣ. ಮರುವರ್ಷದ ತಿದ್ದುಪಡಿಯಲ್ಲಿ ಬೆಳೆಯ ಹಿಂದೆ ಊರೂರು ತಿರುಗುವ ಕೂಲಿಗಳ ಮಕ್ಕಳೂ ಸೇರಿದರು. 1966ರ ನವೆಂಬರ್ 7ರಂದು ಅಧ್ಯಕ್ಷರಾಗಿಯೇ ಅವರು ವೆಲ್‌ಹೌಸೆನ್‌ಗೆ ಮರಳಿ ಬಂದರು. ಟೆಕ್ಸಸ್ಸಿನ ಸೆನೆಟರ್ ರಾಲ್ಫ್ ಯಾರ್ಬರೋ ಮಂಡಿಸಿದ್ದ ದ್ವಿಭಾಷಾ ಶಿಕ್ಷಣ ಕಾಯಿದೆಗೂ 1968ರ ಜನವರಿ 2ರಂದು ಜಾನ್ಸನ್ನರ ಸಹಿ ಬಿತ್ತು. ಸ್ಪ್ಯಾನಿಷ್ ಆಡಿದರೆ ಹೊಡೆಯುತ್ತಿದ್ದ ಕೈಯೇ ಆ ಭಾಷೆಯಲ್ಲಿ ಪಾಠ ನಡೆಸಲು ಹಣ ಕೊಟ್ಟಿತು. 1973ರಲ್ಲಿ ಟೆಕ್ಸಸ್ ತಾನೇ ದ್ವಿಭಾಷಾ ತರಗತಿಗಳನ್ನು ಕಡ್ಡಾಯ ಮಾಡುವ ಕಾನೂನು ತಂದಿತು.

ನಮ್ಮ ನಾಡಿನವರಿಗೆ ಇದೆಲ್ಲ ದೂರದ ಕತೆಯಲ್ಲ. ಹಸಿದ ಮಗುವಿಗೆ ಪಾಠ ಹತ್ತದು ಎಂಬುದನ್ನು ಕರ್ನಾಟಕ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟದಲ್ಲಿ ಒಪ್ಪಿಕೊಂಡಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕೆನ್ನುವ ಸಂವಿಧಾನದ 350ಎ ವಿಧಿ 1956ರಿಂದ ಇದೆ. ಕಾಸರಗೋಡಿನ ಕನ್ನಡ ಶಾಲೆಗಳವರು ಅದನ್ನು ಕೈಯಲ್ಲಿ ಹಿಡಿದೇ ಹೋರಾಡುತ್ತ ಬಂದಿದ್ದಾರೆ.

ಈಗ ನಮ್ಮ ರಿಚರ್ಡ್‌ಸನ್ನಿಗೆ ಬರೋಣ. ಇಲ್ಲಿ ಮನೆ ಕೊಳ್ಳುವಾಗ ನಾವು ಮೊದಲು ಕೇಳುವುದು ಶಾಲೆಯ ರೇಟಿಂಗ್. ಟೆಕ್ಸಸ್ ಶಾಲೆಗಳಿಗೆ ಎ ಇಂದ ಎಫ್ ತನಕ ದರ್ಜೆ ಕೊಡುತ್ತದೆ. ಅದರ ಹಿಂದೆ 2012ರಲ್ಲಿ ಆರಂಭವಾದ, ರಾಜ್ಯದ ಸ್ಟಾರ್ ಪರೀಕ್ಷೆಯ ಅಂಕಗಳಿವೆ. ಶಾಲೆಯ ಫಲಿತಾಂಶದ ವರದಿಯಲ್ಲಿ ಇನ್ನೊಂದು ಪಟ್ಟಿಯೂ ಇರುತ್ತದೆ: ಯಾವ ಮೂಲದ ಮಕ್ಕಳು ಎಷ್ಟು, ಬಡತನದ ಮನೆಯವರು ಎಷ್ಟು, ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರು ಎಷ್ಟು. ಒಂದೊಂದು ಗುಂಪಿನ ಅಂಕವನ್ನೂ ಬೇರೆಬೇರೆಯಾಗಿ ತೋರಿಸಲೇಬೇಕೆಂದದ್ದು 1965ರ ಕಾಯಿದೆಯದೇ 2002ರ ರೂಪ. ಸರಾಸರಿಯ ಮರೆಯಲ್ಲಿ ಯಾವ ಗುಂಪಿನ ಮಕ್ಕಳೂ ಕಾಣೆಯಾಗಬಾರದು ಎಂಬುದು ಅದರ ಉದ್ದೇಶ. ನಾವು ಈ ಎರಡನೇ ಪಟ್ಟಿಯನ್ನು ಓದುವುದೇ ಅಪರೂಪ. ಓದಿದರೂ ಬಡ ಮಕ್ಕಳ ಸಂಖ್ಯೆ ಹೆಚ್ಚಿದ್ದರೆ ಬೇರೆ ಬಡಾವಣೆ ಹುಡುಕುತ್ತೇವೆ. ರಿಚರ್ಡ್‌ಸನ್ ಶಾಲಾ ಜಿಲ್ಲೆಯಲ್ಲೂ ಟೈಟಲ್ ಒನ್ ಶಾಲೆಗಳು ಹಲವಿವೆ. ಬಂದ ವರ್ಷ ಇಂಗ್ಲಿಷ್ ತಡವರಿಸುತ್ತಿದ್ದ ಮಗು ಮರುವರ್ಷ ಕತೆಪುಸ್ತಕ ಓದುವಂತಾದರೆ, ಅದು ಆ ಶಾಲೆಯ ದೊಡ್ಡ ಸಾಧನೆ. ಒಂದೇ ಒಂದು ಅಕ್ಷರದ ದರ್ಜೆಯಲ್ಲಿ ಅದು ಕಾಣಿಸುವುದು ಕಷ್ಟ.

ಮಗುವನ್ನು ಶಾಲೆಗೆ ಸೇರಿಸುವ ದಿನ ‘ಹೋಮ್ ಲ್ಯಾಂಗ್ವೇಜ್ ಸರ್ವೆ’ ಎಂಬ ಹಾಳೆ ಕೊಡುತ್ತಾರೆ. ಮನೆಯಲ್ಲಿ ಯಾವ ಮಾತು, ಮಗು ಮನೆಯಲ್ಲಿ ಆಡುವುದು ಯಾವುದು ಎಂದು ಕೇಳುತ್ತಾರೆ. ಕನ್ನಡ ಎಂದು ಬರೆದರೆ ಮಗುವಿನ ಇಂಗ್ಲಿಷನ್ನು ಪರೀಕ್ಷಿಸುತ್ತಾರೆ. ಸಹಾಯ ಬೇಕಿದ್ದರೆ ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಿಸುವ ಇಎಸ್‌ಎಲ್ ಪಾಠ ಸಿಗುತ್ತದೆ. ಮಗುವನ್ನು ಹಿಂದೆ ಹಾಕಿಬಿಟ್ಟಾರು ಎಂದು ಹೆದರಿ, ಮನೆತುಂಬ ಕನ್ನಡವೇ ಇದ್ದರೂ ಇಂಗ್ಲಿಷ್ ಎಂದು ಬರೆಯುವವರು ನಮ್ಮಲ್ಲಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ನಿಜವನ್ನೇ ಬರೆಯಿರಿ. ಒಂದೇ ಮನೆಮಾತಿನ, ಇಂಗ್ಲಿಷ್ ಕಲಿಯುತ್ತಿರುವ 20 ಮಕ್ಕಳು ಒಂದೇ ತರಗತಿಯ ಮಟ್ಟದಲ್ಲಿ ಇಡೀ ಶಾಲಾ ಜಿಲ್ಲೆಯಲ್ಲಿ ಸಿಕ್ಕರೆ, ಆ ಭಾಷೆಯ ದ್ವಿಭಾಷಾ ತರಗತಿಯ ಹೊಣೆ ಜಿಲ್ಲೆಯದಾಗುತ್ತದೆ ಎನ್ನುತ್ತದೆ ಟೆಕ್ಸಸ್ಸಿನ ನಿಯಮ. ಕನ್ನಡದ ಮಕ್ಕಳು ಅಷ್ಟು ಮಂದಿ ಇದ್ದಾರೋ ಇಲ್ಲವೋ ಎಂಬ ಲೆಕ್ಕ ಶುರುವಾಗುವುದು ಆ ಹಾಳೆಯಿಂದಲೇ.