ಮೊದಲ ಹಾಳೆಯ ಇತಿಹಾಸ

ಕಾಪುವಿನ ನಮ್ಮ ನೆರೆಮನೆಯ ಹುಡುಗಿ ಮಣಿಪಾಲದಲ್ಲಿ ವೈದ್ಯಕೀಯ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾಳೆ. ಒಂದು ಸಂಜೆ ತನ್ನ ಸಂಶೋಧನ ಲೇಖನವನ್ನು ತಂದು, “ಮಾಷ್ಟ್ರೇ, ಸಾರಾಂಶದಲ್ಲಿ 40 ಪದ ಹೆಚ್ಚಾಗಿದೆ, ಎಲ್ಲಿ ಕಡಿಯಲಿ?” ಎಂದಳು. ಕನ್ನಡ ಓದಿದ ನನಗೆ ರೋಗ ತಿಳಿಯದು. ಪದ ಕಡಿಯುವುದು ತಿಳಿದೀತು.

ನಮ್ಮ ಓಲೆಗರಿಗಳಿಗೆ ಮುಖಪುಟವಿರಲಿಲ್ಲ. ಕೃತಿಯ ಹೆಸರೂ ಕರ್ತೃವಿನ ಹೆಸರೂ ಬಹುಮಟ್ಟಿಗೆ ಅಧ್ಯಾಯಾಂತ್ಯದ ಗದ್ಯದಲ್ಲಿ ಬರುತ್ತಿದ್ದವು. ಗರಿ ಕಳೆದರೆ ಕವಿಯೂ ಕಳೆದಂತೆ. ಕಾರ್ಕಳದ ಗೊಮ್ಮಟನ ಶಾಸನವೇ ಮೇಲು: ಕೆಲವೇ ಸಾಲುಗಳಲ್ಲಿ 1432ರ ಪ್ರತಿಷ್ಠೆಯ ಕಾಲ, ಮಾಡಿಸಿದ ವೀರಪಾಂಡ್ಯ, ಗುರು ಲಲಿತಕೀರ್ತಿ, ಎಲ್ಲವೂ ಉಂಟು.

ಡಾ. ಟಿ.ಎಂ.ಎ. ಪೈಗಳು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದ 1953ರಲ್ಲಿ ವೈದ್ಯಪತ್ರಿಕೆಗಳಿಗೆ ಏಕರೂಪದ ನಿಯಮವಿರಲಿಲ್ಲ. ಒಂದು ಪತ್ರಿಕೆ ತಿರಸ್ಕರಿಸಿದ ಲೇಖನವನ್ನು ಇನ್ನೊಂದಕ್ಕಾಗಿ ಮತ್ತೆ ಬೆರಳಚ್ಚು ಮಾಡಬೇಕಾಗುತ್ತಿತ್ತು. 1978ರಲ್ಲಿ ಕೆಲವು ಸಂಪಾದಕರು ಕೆನಡದ ವ್ಯಾಂಕೂವರಿನಲ್ಲಿ ಕಲೆತರು. ಮರುವರ್ಷ ಅವರ ನಿಯಮಗಳು ಅಚ್ಚಾದವು. ಮೊದಲ ಹಾಳೆಯಲ್ಲಿ ಶೀರ್ಷಿಕೆ, ಲೇಖಕರು, ಸಂಸ್ಥೆ, ಪತ್ರವ್ಯವಹಾರದ ವಿಳಾಸ; ಎರಡನೆಯದರಲ್ಲಿ 150 ಪದ ಮೀರದ ಸಾರಾಂಶ. ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನವೆಂದು ವಿಂಗಡಿಸಿದ ಸಾರಾಂಶಕ್ಕೆ ಮುಂದೆ 250 ಪದಗಳ ಅವಕಾಶವಾಯಿತು. ಹಣ ಒದಗಿಸಿದ ಮಾತ್ರಕ್ಕೆ ಯಾರೂ ಲೇಖಕರಾಗರು ಎಂದು ಅವರು ಸಾರಿದ್ದು ನನಗೆ ಬಹಳ ಹಿಡಿಸಿದ ಮಾತು. ನಮ್ಮ ಸಾಹಿತ್ಯ ವಿಭಾಗಗಳಿಗೂ ಅದು ಬೇಕಿತ್ತು!

ಅನೇಕ ಪತ್ರಿಕೆಗಳು ಹೆಸರಿನ ಹಾಳೆಯನ್ನು ತೆಗೆದಿಟ್ಟು ಉಳಿದುದನ್ನಷ್ಟೇ ಪರಿಶೀಲಕರಿಗೆ ಕಳುಹಿಸುತ್ತವೆ. ಊರು, ಹೆಸರು ನೋಡಿ ತೂಕ ಹಾಕಬಾರದಲ್ಲವೆ? ಹುಡುಗಿಯ ಸಾರಾಂಶದಲ್ಲಿ ‘ಮಣಿಪಾಲ’ ಉಳಿದುಬಿಟ್ಟಿತ್ತು. ಅದು ಹೋಯಿತು.

ಸಾರಾಂಶವೆಂದರೆ ಗೈಡುಗಳ ಸರಕೆಂದು ನಾವು ಹಿಂದೆ ಹೀಗಳೆಯುತ್ತಿದ್ದೆವು. ಆದರೆ ಪೂರ್ಣ ಲೇಖನಕ್ಕೆ ಹಣ ತೆರಲಾರದ ತಾಲೂಕು ಆಸ್ಪತ್ರೆಯ ವೈದ್ಯನಿಗೆ ದಕ್ಕುವುದು ಅದೊಂದೇ. ಅದನ್ನು ನಂಬಿ ಅವನು ಔಷಧಿ ಬರೆದಾನು. ಹುಡುಗಿ ಕಡಿಯಹೊರಟದ್ದೋ, ಔಷಧಿ ಒಗ್ಗದೆ ನಡುವೆ ಬಿಟ್ಟುಹೋದ ರೋಗಿಗಳ ವಾಕ್ಯವನ್ನು! ಯಾದೃಚ್ಛಿಕ ಪ್ರಯೋಗಗಳ ಸಾರಾಂಶದಲ್ಲೇ ಔಷಧಿಯ ಕೆಡುಕನ್ನೂ ಹೇಳಬೇಕೆಂದು 2008ರ ‘ಕನ್ಸಾರ್ಟ್’ ಸೂತ್ರಗಳು ವಿಧಿಸಿವೆ. “ಅದಿರಲಿ ಮಗಾ, ಈ ರೋಗ ಜಗತ್ತಿನ ದೊಡ್ಡ ಸಮಸ್ಯೆ ಎಂಬ ಪೀಠಿಕೆ ಯಾರಿಗೆ ಬೇಕು?” ಎಂದೆ.

ಪೀಠಿಕೆಯ ಎರಡು ವಾಕ್ಯ ಹೋಗಿ 31 ಪದ ಇಳಿಯಿತು. ಉಳಿದ ಒಂಬತ್ತಕ್ಕೆ ನಾಳೆ ಬರುತ್ತೇನೆಂದು ಅವಳು ಎದ್ದಳು.